ಉಪ್ಪು ನೀರು ಕುಡಿದ ಹೆಬ್ಬೇವು

ಕೊರೊನಾ ಅಬ್ಬರ ತಣ್ಣಗಾದ ಮರುವರ್ಷ ನನ್ನನ್ನು ಕೊಳ್ಳೇಗಾಲಕ್ಕೆ ವರ್ಗ ಮಾಡಿದರು. ನಿವೃತ್ತಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು ಬಾಕಿ. ರೈತರ ಹೊಲದ ಬದುಗಳಿಗೆ ಬೇಕಾದ ಮರದ ಸಸಿಗಳನ್ನು ಹಳ್ಳಿಯ ಹೆಂಗಸರ ಗುಂಪುಗಳ ಕೈಯಲ್ಲೇ ಬೆಳೆಸುವ ಯೋಜನೆಯೊಂದಿತ್ತು. ಯಳಂದೂರು, ಕೊಳ್ಳೇಗಾಲ, ಹನೂರು ಮೂರು ಕಡೆಯೂ ಸೇರಿ ಹನ್ನೊಂದು ನರ್ಸರಿ. ಹನ್ನೊಂದಕ್ಕೂ ನಾನೊಬ್ಬಳೇ ತಾಂತ್ರಿಕ ಮೇಲ್ವಿಚಾರಕಿ. ‘ಕೊನೆಗಾಲದಲ್ಲಿ ಆರಾಮಾಗಿರಿ ಮೇಡಂ’ ಎಂದು ಹಾರೈಸಿ ಕಳಿಸಿದ ಸಹೋದ್ಯೋಗಿಗಳಿಗೆ ಹನೂರಿನ ಮಾರ್ಚ್ ತಿಂಗಳ ಬಿಸಿಲಿನ ಪರಿಚಯವಿರಲಿಲ್ಲ. ನನಗೂ ಇರಲಿಲ್ಲ ಅನ್ನಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲಿ. ಮೂವತ್ತು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದವರು ಇದಕ್ಕೆ ಸಾಕ್ಷಿ ಹೇಳಿಯಾರು. ಆದರೆ ಈ ಪ್ರಕರಣದಲ್ಲಿ ನಾನು ಮಾಡಿದ ತಪ್ಪು ಕೋಪದ್ದಲ್ಲ, ಆತುರದ್ದು. ಕೋಪವನ್ನಾದರೂ ಎದುರಿಗಿದ್ದವರು ನೋಡುತ್ತಾರೆ, ತಿರುಗಿ ಬೈಯುತ್ತಾರೆ. ಆತುರದಲ್ಲಿ ಮಾಡಿದ್ದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಫೆಬ್ರವರಿ ಕೊನೆಯ ವಾರ ಅಜ್ಜೀಪುರದ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ಅಲ್ಲಿನ ನರ್ಸರಿ ನಡೆಸುತ್ತಿದ್ದವರು ಸುಂದ್ರಮ್ಮ. ನಲವತ್ತೈದರ ಆಸುಪಾಸಿನ ಹೆಂಗಸು. ಜಮೀನಿರುವ ಶೈವ ಮನೆತನದ ಕಿರಿ ಸೊಸೆ. ಗಂಡ ಬಸ್ ಕಂಡಕ್ಟರ್, ವಾರಕ್ಕೊಮ್ಮೆ ಮನೆಗೆ ಬರುವವರು. ಮನೆಯ ಯಜಮಾನಿಕೆ ಗಂಡನ ಅಣ್ಣ ಗುರುಮಲ್ಲಪ್ಪನವರದು. ಸುಂದ್ರಮ್ಮ ಹಟ ಹಿಡಿದು ಬೋರ್‌ವೆಲ್ ಪಕ್ಕದ ಹತ್ತು ಗುಂಟೆ ಜಾಗ ಕೇಳಿದ್ದರು. ಊರಿನ ಇನ್ನೂ ನಾಲ್ವರು ಹೆಂಗಸರನ್ನು ಸೇರಿಸಿಕೊಂಡು ಎಂಟು ಸಾವಿರ ಹೆಬ್ಬೇವು, ಒಂದು ಸಾವಿರ ಹೊಂಗೆ ಸಸಿ ಎಬ್ಬಿಸಿದ್ದರು. ‘ಒಂದು ವರ್ಷ ನೋಡುಮ. ಆಗ್ಲಿಲ್ಲ ಅಂದ್ರೆ ಅರಿಸಿನ ಹಾಕ್ತೀನಿ’ ಎಂದು ಗುರುಮಲ್ಲಪ್ಪ ಷರತ್ತು ಹಾಕಿಯೇ ಜಾಗ ಬಿಟ್ಟುಕೊಟ್ಟಿದ್ದರು. ಯೋಜನೆಯ ಷರತ್ತು ಬೇರೆ ಇತ್ತು. ಜೂನ್ ಮೂರನೆಯ ವಾರದ ಎಣಿಕೆಯಲ್ಲಿ ಎಂಟು ಸಾವಿರ ಹೆಬ್ಬೇವಿನ ಮುಕ್ಕಾಲು ಪಾಲು, ಅಂದರೆ ಆರು ಸಾವಿರ, ಒಂದೂವರೆ ಅಡಿ ದಾಟಿರಬೇಕು. ಇಲ್ಲದಿದ್ದರೆ ಮರುವರ್ಷ ಆ ನರ್ಸರಿ ಇಲ್ಲ. ಎರಡು ಷರತ್ತೂ ಸೇರಿ ಸುಂದ್ರಮ್ಮನ ಹತ್ತು ಗುಂಟೆಯ ಕುತ್ತಿಗೆಗೆ ಬಂದಿದ್ದವು.

‘ಎಲೆ ತುದಿ ಸುಟ್ಕಂಡಂಗೆ ಆಯ್ತಾವೆ ಮೇಡಮ್ಮೋರೆ. ಎಷ್ಟು ನೀರು ಬುಟ್ರೂ ಬಾಡ್ತಾವೆ’ ಎಂದರು ಫೋನಿನಲ್ಲಿ.

ಮಾರನೆಯ ದಿನವೇ ಹೋದೆ. ಜೊತೆಗೆ ನನ್ನ ಕ್ಷೇತ್ರ ಸಹಾಯಕ ಮಾದೇಶ. ಒಡೆಯರಪಾಳ್ಯದ ಕಡೆಯವನು, ಇಬ್ಬರು ಮಕ್ಕಳ ತಂದೆ, ಕನ್ನಡ ತಮಿಳು ಎರಡೂ ಸುಲಲಿತ. ಗಿಡಕ್ಕೆ ಏನಾಗಿದೆ ಎಂದು ನನಗಿಂತ ಮೊದಲು ಅವನ ಕಣ್ಣಿಗೆ ಬೀಳುತ್ತಿತ್ತು. ಸಾಲುಗಳ ನಡುವೆ ಒಂದು ಸುತ್ತು ಬಂದು ಅವನು ಹೊಂಗೆಯ ಕಡೆ ಕೈ ತೋರಿಸಿದ. ಹೆಬ್ಬೇವಿನ ಎಲೆಯಂಚು ಕಂದು ಬಣ್ಣಕ್ಕೆ ತಿರುಗಿ ಮುದುಡಿತ್ತು. ಪಕ್ಕದಲ್ಲೇ ಹೊಂಗೆ ಹಸಿರಾಗಿ ನಿಂತಿತ್ತು. ಹೊಂಗೆ ಉಪ್ಪನ್ನು ತಡೆದುಕೊಳ್ಳುವ ಜಾತಿ, ಹೆಬ್ಬೇವಿನ ಎಳೆ ಸಸಿಗೆ ಆ ಗಟ್ಟಿತನವಿಲ್ಲ. ಚೀಲದ ಬಾಯಲ್ಲಿ ಮಣ್ಣಿನ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಪದರ ಕಟ್ಟಿತ್ತು. ವಿಚಾರಿಸಿದರೆ, ಹಳೆಯ ಬೋರ್ ಡಿಸೆಂಬರಿನಲ್ಲಿ ಬತ್ತಿ, ಅದರ ಪಕ್ಕದಲ್ಲೇ ಇನ್ನೂ ಆಳಕ್ಕೆ ಹೊಸದು ಕೊರೆಸಿದ್ದರು. ಇ.ಸಿ. ಮೀಟರ್ ಅದ್ದಿದೆ. ನೀರಿನಲ್ಲಿ ಕರಗಿರುವ ಲವಣ ಎಷ್ಟೆಂದು ತೋರಿಸುವ, ಪೆನ್ನಿನಷ್ಟು ದೊಡ್ಡ ಉಪಕರಣ ಅದು. ಎಳೆ ಸಸಿಗೆ ಒಂದರ ಒಳಗಿದ್ದರೆ ನೆಮ್ಮದಿ. ಅಲ್ಲಿ ಬಂದದ್ದು 3.2.

ಬಾಯಾರಿದವರಿಗೆ ಉಪ್ಪು ನೀರು ಕುಡಿಸಿದ ಹಾಗೆ. ಮಣ್ಣಿನಲ್ಲಿ ಲವಣ ಹೆಚ್ಚಾದರೆ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ಬೇರು ಎಳೆದರೂ ಬಿಟ್ಟುಕೊಡುವುದಿಲ್ಲ. ಗಿಡ ಬಾಡಿತೆಂದು ಸುಂದ್ರಮ್ಮನ ಗುಂಪು ದಿನಕ್ಕೆ ಮೂರು ಸಲ ಚಿಮುಕಿಸುತ್ತಿತ್ತು. ಚಿಮುಕಿಸಿದ ನೀರು ಮೇಲೆಯೇ ಆರಿ ಉಪ್ಪನ್ನು ಅಲ್ಲೇ ಬಿಡುತ್ತಿತ್ತು. ಸಾಲದ್ದಕ್ಕೆ ಕಳೆ ಬಾರದಿರಲೆಂದು ಚೀಲಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ತಳದ ತೂತುಗಳೂ ಮುಚ್ಚಿಕೊಂಡಿದ್ದವು. ಅಷ್ಟು ಹೊತ್ತಿಗೆ ಆರುನೂರಕ್ಕೂ ಹೆಚ್ಚು ಸಸಿ ಸತ್ತಿದ್ದವು.

ಅಂದೇ ಹಾಳೆ ಎಳೆಸಿದೆ. ಬೆಳಗ್ಗೆ ಒಂದೇ ಸಲ, ತಳದಿಂದ ಸೋರುವಷ್ಟು ನೀರು. ವಾರಕ್ಕೊಂದು ಟ್ಯಾಂಕರ್ ಸಿಹಿನೀರಿನಿಂದ ಚೀಲ ತೊಳೆಯುವುದು. ಮೇಲೆ ಶೇಡ್ ನೆಟ್. ಇವೆಲ್ಲ ಉಪ್ಪನ್ನು ಇಳಿಸುವ ಕ್ರಮಗಳು. ಆದರೆ ಆಗಲೇ ಸೊರಗಿದ ಸಸಿ ಅಲ್ಲಿಯವರೆಗೆ ಜೀವ ಹಿಡಿಯಬೇಕಲ್ಲ? ಅದಕ್ಕೆ ಅಮೈನೋ ಆಮ್ಲದ ಸಿಂಪಡಣೆ. ಉಪ್ಪಿನ ಕಾಟ ಬಂದಾಗ ಗಿಡ ತಾನೇ ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಜೀವಕೋಶಗಳಲ್ಲಿ ಕೂಡಿಟ್ಟು ನೀರು ಹಿಡಿದುಕೊಳ್ಳಲು ನೋಡುತ್ತದೆ. ಸೊರಗಿದ ಗಿಡಕ್ಕೆ ಅದನ್ನು ತಯಾರಿಸಲೂ ಶಕ್ತಿ ಸಾಲದು. ಎಲೆಯ ಮೂಲಕ ನಾವು ಅಮೈನೋ ಆಮ್ಲಗಳನ್ನು ಕೊಟ್ಟರೆ ಅಷ್ಟರ ಮಟ್ಟಿಗೆ ಅದರ ಹೊರೆ ಇಳಿಯುತ್ತದೆ. ಮಣ್ಣಿನ ಉಪ್ಪು ಇದರಿಂದ ಒಂದು ಕಾಳೂ ಕರಗುವುದಿಲ್ಲ, ಸಿಂಪಡಿಸಿ ಕೈತೊಳೆದುಕೊಂಡರೆ ಪ್ರಯೋಜನವೂ ಇಲ್ಲ.

ನಮ್ಮ ಆಫೀಸಿನ ಹಿತ್ತಲಲ್ಲಿ ಮಾದೇಶ ತಯಾರಿಸಿದ ಇಪ್ಪತ್ತು ಲೀಟರ್ ದ್ರಾವಣ ಸಿದ್ಧವಿತ್ತು. ಮೀನು ಮತ್ತು ಬೆಲ್ಲ ಸಮಸಮ ಹಾಕಿ, ಡ್ರಮ್ಮಿನಲ್ಲಿ ಇಪ್ಪತ್ತೈದು ದಿನ ಕೊಳೆಸಿ ಸೋಸಿದ್ದು. ಅನೇಕ ರೈತರು ಬಳಸುತ್ತಾರೆ, ಕೆಲಸವನ್ನೂ ಮಾಡುತ್ತದೆ. ಸೋಸಿದ ಮೇಲೆ ಮೀನಿಗಿಂತ ಹುಳಿ ಬಂದ ಬೆಲ್ಲದ ವಾಸನೆಯೇ ಜೋರು.

ಮಾರನೆಯ ಬೆಳಗ್ಗೆ ಕ್ಯಾನನ್ನು ಜೀಪಿಗೆ ಹಾಕುವಾಗ ಮಾದೇಶ ತಲೆ ಕೆರೆದುಕೊಂಡ. ‘ಮೇಡಂ, ಅವರ ಮನೇಲಿ ಮೀನು ಅಂದ್ರೆ ಗೇಟೊಳಕ್ಕೂ ಬುಡಾಕಿಲ್ಲ. ಬೆಲ್ಲದ ಔಷ್ದಿ ಅಂತ ಯೋಳ್ಬುಡುಮ?’

ನಾನು ಆ ದಿನ ಯಳಂದೂರಿನ ಇನ್ನೆರಡು ನರ್ಸರಿ ನೋಡಬೇಕಿತ್ತು. ‘ಏನಾದ್ರೂ ಹೇಳಪ್ಪ, ಮೊದಲು ಸಸಿ ಉಳೀಲಿ’ ಎಂದೆ. ಅಷ್ಟೇ. ಐದು ಸೆಕೆಂಡಿನ ಮಾತು.

ನರ್ಸರಿಯಲ್ಲಿ ಮಾದೇಶ ಬೆಲ್ಲದ ಔಷಧಿ ಎಂದೇ ಹೇಳಿದ. ಅಳತೆಗೆ ಅಲ್ಲಿ ಏನೂ ಇರಲಿಲ್ಲ. ಸುಂದ್ರಮ್ಮ ಮನೆಗೆ ಓಡಿ ಒಂದು ಬೆಳ್ಳಿ ಒಳಲೆ ತಂದರು. ಹಸುಗೂಸಿಗೆ ಹಾಲು, ಮದ್ದು ಕುಡಿಸುವ ಮೂತಿಯುಳ್ಳ ಪುಟ್ಟ ಪಾತ್ರೆ. ‘ನಮ್ಮನೆ ಮಕ್ಕಳೆಲ್ಲ ಇದ್ರಲ್ಲೇ ಕುಡ್ದು ಬೆಳ್ದವು. ಇವೂ ಮಕ್ಕಳೇ ಅಲ್ವಾ’ ಎಂದು ನಕ್ಕು, ಅದರಲ್ಲೇ ಅಳೆದು ಕ್ಯಾನಿನ ರಸವನ್ನು ನೀರಿಗೆ ಬೆರೆಸಿದರು. ಮಾದೇಶ ನನ್ನ ಮುಖ ನೋಡಿದ. ನಾನು ಮೀಟರಿನ ಬ್ಯಾಟರಿ ಸರಿಮಾಡುವವಳಂತೆ ತಲೆ ತಗ್ಗಿಸಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಎಂಟು ದಿನಕ್ಕೆ ಒಂದರಂತೆ ಎರಡು ಸಿಂಪಡಣೆ ಆಯಿತು. ಹೊಸ ಚಿಗುರು ಕಂಡಿತು. ಎರಡನೆಯದರ ಮರುದಿನ ಸುಂದ್ರಮ್ಮನ ಫೋನ್.

‘ಮೇಡಮ್ಮೋರೆ, ಊರಿನ ಬೆಕ್ಕೆಲ್ಲ ನಮ್ ನರ್ಸರೀಲಿ ಸೇರ್ಕಂಡವೆ. ಎಲೆ ನೆಕ್ತವೆ, ಚೀಲದ ಮೇಲೆ ಉರುಳಾಡ್ತವೆ. ಬೆಲ್ಲಕ್ಕೆ ಇರುವೆ ಬರ್ಬೇಕು. ಬೆಕ್ಕು ಯಾಕೆ ಬಂದೊ?’

‘ಬರ್ತೀನಿ, ಬಂದು ಹೇಳ್ತೀನಿ’ ಎಂದು ಫೋನಿಟ್ಟೆ. ಕಾಮಗೆರೆ ದಾಟಿ ಹನೂರಿನವರೆಗೂ ಮಾದೇಶ ಏನೇನೋ ಉಪಾಯ ಹೇಳುತ್ತಲೇ ಇದ್ದ. ತುಪ್ಪದ ವಾಸನೆ ಅನ್ನೋಣ, ಹಾಲಿನ ಪುಡಿ ಅನ್ನೋಣ. ‘ಬಾಯಿ ಮುಚ್ಕೊಂಡು ಗಾಡಿ ಓಡ್ಸು’ ಎಂದು ಗದರಿದೆ. ಬೈಸಿಕೊಳ್ಳಬೇಕಾದವಳು ನಾನು, ಬೈಸಿಕೊಂಡವನು ಅವನು.

ಜಗಲಿಯ ಮೇಲೆ ಗುರುಮಲ್ಲಪ್ಪ ಕೂತಿದ್ದರು. ಸುಂದ್ರಮ್ಮ ಕಂಬದ ಪಕ್ಕ ನಿಂತಿದ್ದರು. ನಾನು ಚಪ್ಪಲಿ ಬಿಟ್ಟು ನಿಂತುಕೊಂಡೇ ಹೇಳಿದೆ: ‘ಅದರಲ್ಲಿ ಅರ್ಧ ಬೆಲ್ಲ, ಅರ್ಧ ಮೀನು. ಸುಂದ್ರಮ್ಮನವರಿಗೆ ಗೊತ್ತಿರಲಿಲ್ಲ. ಹೇಳದೆ ಹೊಡೆಸಿದ್ದು ನಾನು.’

ಗುರುಮಲ್ಲಪ್ಪ ‘ಶಿವಶಿವಾ’ ಎಂದು ಎದ್ದರು. ‘ಸಾಕು ಬುಡವ್ವ, ನಿಮ್ ನರ್ಸರೀನೂ ಬ್ಯಾಡ, ನಿಮ್ ಸಸೀನೂ ಬ್ಯಾಡ. ಆ ಜಾಗಕ್ಕೆ ಗಂಜಲ ಉಯ್ದು ಅರಿಸಿನ ಹಾಕ್ತೀನಿ.’

‘ಭಾವ, ಜೂನ್‌ಗಂಟ ಅಂತ ಮಾತು ಕೊಟ್ಟಿದ್ದೀರಿ. ಕೊಟ್ಟ ಮಾತು ಮಾತೇ’ ಎಂದರು ಸುಂದ್ರಮ್ಮ. ಭಾವನಿಗೆ ಎದುರಾಡಿ ಅಭ್ಯಾಸವಿದ್ದ ದನಿಯಲ್ಲ ಅದು. ಗುರುಮಲ್ಲಪ್ಪ ಅವರನ್ನೊಮ್ಮೆ ನೋಡಿ ಟವೆಲ್ ಕೊಡವಿಕೊಂಡು ಒಳಗೆ ಹೋದರು. ಆಮೇಲೆ ಸುಂದ್ರಮ್ಮ ನನ್ನ ಕಡೆ ತಿರುಗಿದರು. ಒಳಲೆಯ ಮಾತು ಎತ್ತಲಿಲ್ಲ, ಕಿರುಚಲಿಲ್ಲ.

‘ಮೀನು ಅಂದಿದ್ರೆ ನಾನು ಬ್ಯಾಡ ಅಂತಿದ್ದೆ. ಅಷ್ಟೇ ತಾನೆ ಮೇಡಮ್ಮೋರೆ? ಬ್ಯಾಡ ಅನ್ನಾಕೂ ನಂಗೆ ಬುಡ್ಲಿಲ್ವಲ್ಲ ನೀವು.’

ಮೇಲಧಿಕಾರಿಗಳಿಂದ ಮೆಮೊ ತೆಗೆದುಕೊಂಡಿದ್ದೇನೆ, ಸಭೆಯಲ್ಲಿ ಎಲ್ಲರೆದುರು ಬೈಸಿಕೊಂಡಿದ್ದೇನೆ. ಯಾವುದೂ ಇಷ್ಟು ನಾಟಿರಲಿಲ್ಲ. ನಾಚಿಕೆಯಾಯಿತು. ಕ್ಷಮೆ ಕೇಳಿದೆ. ಅವರು ಗೇಟಿನ ತನಕ ಬಂದು, ‘ನಮ್ ಅಡಿಗೆಮನೇಲಿ ಇರೋದ್ರಲ್ಲಿ ಆ ಔಷ್ದಿ ಆಯ್ತದಾ ಯೋಳಿ. ಆಯ್ತದೆ ಅಂದ್ರೆ ಮಾಡ್ತೀನಿ. ಆಗಾಕಿಲ್ಲ ಅಂದ್ರೂ ಯೋಳಿ’ ಎಂದರು.

‘ನಾನು ಮಾಡಿ ನೋಡಿಲ್ಲ. ಆಗಬಹುದು, ಆಗದೆಯೂ ಇರಬಹುದು’ ಎಂದೆ. ಆ ಮನೆಯಲ್ಲಿ ಔಷಧಿಯ ಬಗ್ಗೆ ತಡಮಾಡದೆ ನಾನಾಡಿದ ಮೊದಲ ನಿಜ ಅದು.

ಎಣಿಕೆಗೆ ಹದಿಮೂರು ವಾರವಿತ್ತು. ಅಮೈನೋ ಆಮ್ಲ ಮೀನಿನದೇ ಆಗಬೇಕಿಲ್ಲ. ಕಾಳಿನ ಪ್ರೋಟೀನ್ ಒಡೆದರೂ ಸಿಗುತ್ತದೆ. ಸುಂದ್ರಮ್ಮನ ಮನೆಯಲ್ಲಿ ಮೂಟೆ ಮೂಟೆ ಹುರುಳಿ ಇತ್ತು. ಒಡೆಯುವುದು ಹೇಗೆಂಬುದೇ ಪ್ರಶ್ನೆ. ಲ್ಯಾಬಿನಲ್ಲಾದರೆ ಕಿಣ್ವ ಹಾಕುತ್ತಾರೆ. ಅಜ್ಜೀಪುರದಲ್ಲಿ ಕಿಣ್ವ ಎಲ್ಲಿಂದ ತರಲಿ ಎಂದು ನಾನು ಯೋಚಿಸುತ್ತಿರುವಾಗ ಮಾದೇಶ ಹಿಂದೆ ಮುಂದೆ ನೋಡಿ ಬಾಯಿ ತೆರೆದ.

‘ಮೇಡಂ, ಬೈಬ್ಯಾಡಿ. ನಮ್ಮನೇಲಿ ಬಲ್ತ ಮಾಂಸ ಬೇಯ್ನಿಲ್ಲ ಅಂದ್ರೆ ಪರಂಗಿ ಕಾಯಿ ತುರ್ದು ಹಾಕ್ತೀವಿ. ಬೆಣ್ಣೆ ಆದಂಗೆ ಆಯ್ತದೆ. ಕಾಳಿಗೂ ಆಗ್ಬೋದಾ?’

ಆಗಬಹುದೇನು ಬಂತು! ಪರಂಗಿ ಕಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುವುದಕ್ಕೇ ಹೆಸರುವಾಸಿ. ಓದಿದ್ದು ನಾನು, ನೆನಪಾದದ್ದು ಅವನಿಗೆ. ಈ ಸಲ ಉಪಾಯ ಎಲ್ಲಿಂದ ಬಂತೆಂದೂ ಸುಂದ್ರಮ್ಮನಿಗೆ ಹೇಳಲೇಬೇಕೆಂದು ಅವನನ್ನೇ ಮುಂದೆ ಬಿಟ್ಟೆ. ಅವನು ಮೂರು ಸಲ ತೊದಲಿ ಹೇಳಿದ. ಸುಂದ್ರಮ್ಮ ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಗಲಾಟೆಯಾದ ಮೇಲೆ ನಕ್ಕದ್ದು ಅದೇ ಮೊದಲು. ‘ಬುದ್ಧಿ ನಿಮ್ ಬಾಡಿನ ಸಾರಿಂದಾದ್ರೇನ್ಲಾ, ಉಳ್ಳೀನೂ ಪರಂಗೀನೂ ನಮ್ದೇ ತಾನೆ’ ಎಂದರು.

ಮೂರು ಕಿಲೋ ಹುರುಳಿ ಬೇಯಿಸಿ ರುಬ್ಬಿ, ಆರಿದ ಮೇಲೆ ಎರಡು ಪರಂಗಿ ಕಾಯಿ ತುರಿದು ಹಾಕಿ, ಒಂದೂವರೆ ಕಿಲೋ ಬೆಲ್ಲ ಸೇರಿಸಿ, ನೆರಳಿನಲ್ಲಿ ಹತ್ತು ದಿನ ಇಟ್ಟು ದಿನಾ ಕಲಕುವುದೆಂದು ತೀರ್ಮಾನವಾಯಿತು. ಬೇಯಿಸುವ ಕೆಲಸ ಅವರದು. ನಾನು ಕೊಳ್ಳೇಗಾಲಕ್ಕೆ ಬಂದೆ.

ಎಂಟನೆಯ ದಿನ ಬೆಳಗ್ಗೆ ಫೋನ್. ದನಿಯಲ್ಲಿ ಅಳು ಇತ್ತು.

‘ಮೇಡಮ್ಮೋರೆ, ನನ್ ಕೈಗಿಷ್ಟು ಬೆಂಕಿ ಹಾಕ. ಉಳ್ಳಿ ಬೇಯ್ಸುವಾಗ ಉಪ್ಪು ಹಾಕ್ಬುಟ್ಟಿವ್ನಿ. ಒಂದು ಹಿಡಿ ಕಲ್ಲುಪ್ಪು. ಸಾರಿಗೆ ಬೇಯ್ಸಿ ಬೇಯ್ಸಿ ಕೈ ತಾನೇ ಹಾಕ್ಬುಡ್ತು. ಇವತ್ತು ಸಾರಿಗಿಡುವಾಗ ನೆನಪಾಯ್ತು.’

ಉಪ್ಪಿನಿಂದ ಸಾಯುತ್ತಿರುವ ಸಸಿಯ ಔಷಧಿಗೆ ಉಪ್ಪು! ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ. ‘ಯಾವಾಗ ನೆನಪಾಯ್ತು?’ ಎಂದಷ್ಟೇ ಕೇಳಿದೆ.

‘ಈಗ. ಒಲೆ ಆರ್ಸಿ ಫೋನ್ ಮಾಡಿದೆ. ಭಾವಂಗೂ ಯೋಳ್ದೆ.’

ಅವರು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಸಿ ಬಾಡಿದರೆ ಹುರುಳಿಯ ಮೇಲೆ, ಪರಂಗಿಯ ಮೇಲೆ, ನನ್ನ ಮೇಲೆ ತಪ್ಪು ಹೊರಿಸಬಹುದಿತ್ತು. ಅದೂ ಯಾರ ಕಿವಿಗೆ ಬೀಳಬಾರದೋ ಆ ಭಾವನಿಗೇ ಹೇಳಿದ್ದರು. ನನ್ನ ತಪ್ಪನ್ನು ನಾನು ಬೆಕ್ಕು ಬರುವ ತನಕ ಮುಚ್ಚಿಟ್ಟಿದ್ದೆ. ಈಕೆ ಒಲೆ ಆರಿಸುವಷ್ಟು ಹೊತ್ತು ಮಾತ್ರ ತಡೆದಿದ್ದರು.

ಹೋಗಿ ಅಳೆದು ನೋಡಿದೆ. ನೀರು ಬೆರೆಸಿದ ಮೇಲೂ ಮೀಟರ್ ಅಂಕಿ ಏರಿಯೇ ಇತ್ತು. ಬಲಿತ ಗಿಡವಾದರೆ ತಡೆದೀತು; ತುದಿ ಸುಟ್ಟ ಎಳೆ ಎಲೆಯ ಮೇಲೆ ಸುರಿಯುವ ಧೈರ್ಯ ನನಗೆ ಬರಲಿಲ್ಲ. ಇಡೀ ಡ್ರಮ್ ತಿಪ್ಪೆಗೆ ಸುರಿದೆವು. ಎಂಟು ದಿನ ಹೋಯಿತು. ಎಲೆಗಳು ಮತ್ತೆ ಮುದುಡತೊಡಗಿದ್ದವು, ಸತ್ತ ಸಸಿಗಳ ಸಂಖ್ಯೆ ಸಾವಿರದ ಇನ್ನೂರು ದಾಟಿತ್ತು. ಇನ್ನು ಎಂಟುನೂರು ಹೋದರೆ ಆಟ ಮುಗಿದಂತೆ.

‘ಇವತ್ತೇ ಇನ್ನೊಂದ್ಸಲ ಬೇಯಕ್ಕೆ ಇಡ್ತೀನಿ. ನೀವು ಇಲ್ಲೇ ಕೂತಿರಿ’ ಎಂದರು ಸುಂದ್ರಮ್ಮ. ಉಪ್ಪಿನ ಮರಿಗೆಯನ್ನು ಅಡಿಗೆಮನೆಯಿಂದ ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲಿಟ್ಟು ಹೋದರು. ಹುರುಳಿ ಬೇಯುವ ತನಕ ಆ ಮರಿಗೆ ಕಾಯುತ್ತಾ ಜಗಲಿಯಲ್ಲಿ ಕೂತಿದ್ದೆ. ಗುರುಮಲ್ಲಪ್ಪ ಹೊಲದಿಂದ ಬಂದು ನನ್ನನ್ನೂ ಮರಿಗೆಯನ್ನೂ ನೋಡಿ, ಏನೂ ಕೇಳದೆ ಒಂದು ಚೊಂಬು ಮಜ್ಜಿಗೆ ಕಳಿಸಿದರು. ಮಜ್ಜಿಗೆಗೆ ಉಪ್ಪಿರಲಿಲ್ಲ. ಉಪ್ಪು ನನ್ನ ಹತ್ತಿರವೇ ಇತ್ತಲ್ಲ.

ಏಪ್ರಿಲ್ ಮೊದಲ ವಾರ ಹುರುಳಿ ರಸ ಸಿದ್ಧವಾಯಿತು. ಮೀನಿನದಕ್ಕಿಂತ ತೆಳುವಾದ್ದರಿಂದ ಲೀಟರಿಗೆ ಇಪ್ಪತ್ತು ಮಿಲಿಲೀಟರ್. ಬೆರೆಸಲು ಬೋರ್ ನೀರಲ್ಲ, ಕುಡಿಯುವ ನೀರು. ಹೊಡೆಯುವುದು ಬೆಳಗಿನ ತಂಪಿನಲ್ಲಿ ಮಾತ್ರ. ನಾಲ್ಕು ಸಾಲು, ಅಂದರೆ ಇನ್ನೂರು ಚೀಲಗಳಿಗೆ ಏನೂ ಹೊಡೆಯದೆ ಬಿಡಬೇಕೆಂದು ಕೇಳಿದೆ. ಹೋಲಿಕೆ ಇಲ್ಲದೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಆದರೆ ಆ ಇನ್ನೂರು ಹೋದರೆ ಎಣಿಕೆಯಲ್ಲಿ ನಷ್ಟ ಅವರದೇ. ಇದನ್ನೂ ಬಿಡಿಸಿ ಹೇಳಿದೆ.

ಸುಂದ್ರಮ್ಮ ಆ ನಾಲ್ಕು ಸಾಲಿನ ತುದಿಗೆ ಒಂದೊಂದು ಕಡ್ಡಿ ನೆಟ್ಟರು. ‘ಬುಡಿ. ನಿಜ ಏನು ಅಂತ ನಂಗೂ ಗೊತ್ತಾಗ್ಬೇಕು’ ಎಂದರು.

ಎಂಟು ದಿನಕ್ಕೊಮ್ಮೆ, ಒಟ್ಟು ಒಂಬತ್ತು ಸಲ ಹೊಡೆದೆವು. ಐವರು ಹೆಂಗಸರೂ ಬೆನ್ನಿಗೆ ಪಂಪು ಕಟ್ಟಿಕೊಂಡರು. ಮೇ ತಿಂಗಳಲ್ಲಿ ಎರಡು ಒಳ್ಳೆಯ ಮಳೆಯಾಗಿ ಚೀಲಗಳ ಉಪ್ಪು ಚೆನ್ನಾಗಿ ಇಳಿಯಿತು. ಮಳೆಯ ಪಾಲನ್ನು ನಾನು ಹುರುಳಿಗೆ ಕೊಡಲಾರೆ. ಮಳೆ ಎಲ್ಲ ಸಾಲಿಗೂ ಒಂದೇ ಸಮ ಬಿತ್ತು. ಆದರೂ ಸಿಂಪಡಿಸಿದ ಸಾಲು, ಬಿಟ್ಟ ಸಾಲುಗಳ ನಡುವೆ ಜೂನ್ ಹೊತ್ತಿಗೆ ಒಂದು ಗೇಣಿನ ವ್ಯತ್ಯಾಸವಿತ್ತು.

ಎಣಿಕೆಯ ದಿನ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಅಳತೆ ಕೋಲು ಹಿಡಿದು ಬಂದರು. ಒಂದೊಂದೇ ಸಾಲು. ಗುರುಮಲ್ಲಪ್ಪ ತಮ್ಮದೇ ಲೆಕ್ಕವಿರಲೆಂದು ಅಳತೆ ಮುಟ್ಟಿದ ನೂರು ಸಸಿಗೊಂದು ಕಲ್ಲು ಎತ್ತಿಟ್ಟುಕೊಳ್ಳುತ್ತಾ ಹಿಂದೆ ಬಂದರು. ಬಿಟ್ಟ ಇನ್ನೂರು ಚೀಲಗಳಲ್ಲಿ ಅಳತೆ ಮುಟ್ಟಿದ್ದು ತೊಂಬತ್ತನಾಲ್ಕು. ಅವುಗಳ ಪಕ್ಕದ ಇನ್ನೂರರಲ್ಲಿ ನೂರ ಅರವತ್ತೇಳು. ಮಧ್ಯಾಹ್ನ ಮೂರಕ್ಕೆ ಒಟ್ಟು ಬಂತು: ಆರು ಸಾವಿರದ ಎಂಬತ್ತೊಂದು.

ಎಂಬತ್ತೊಂದು ಸಸಿ ಮಾತ್ರ ಹೆಚ್ಚು! ಸುಂದ್ರಮ್ಮ ಚೀಲಗಳ ಮಧ್ಯೆ ಕೂತು ಅತ್ತರು. ಗುರುಮಲ್ಲಪ್ಪ ಕಲ್ಲುಗಳನ್ನು ಎರಡು ಸಲ ಎಣಿಸಿ, ‘ಸರಿಯಾಗದೆ. ಅರಿಸಿನ ಮೇಲಿನ ಹೊಲಕ್ಕೆ ಹಾಕುಮ ಬುಡವ್ವ’ ಎಂದರು. ಹೋಗುವಾಗ ಕಲ್ಲುಗಳನ್ನು ಅಲ್ಲೇ ಬದುವಿನ ಮೇಲೆ ಸುರಿದು ಹೋದರು.

ಒಂದು ನರ್ಸರಿ, ಒಂದು ಬೇಸಿಗೆ. ಇದರಿಂದ ಎಲ್ಲ ಕಡೆಯೂ ಹೀಗೇ ಆಗುತ್ತದೆಂದು ಹೇಳುವವಳು ನಾನಲ್ಲ. ಆದರೆ ಮಾತು ಹಬ್ಬಿತು. ಆಗಸ್ಟಿನಲ್ಲಿ ಯಳಂದೂರಿನಲ್ಲಿ ಉಳಿದ ಹತ್ತು ಗುಂಪಿನ ಹೆಂಗಸರಿಗೆ ತರಬೇತಿ ಇಟ್ಟುಕೊಂಡಾಗ ಪಾಠ ಹೇಳಲು ಸುಂದ್ರಮ್ಮನನ್ನೇ ಕರೆದೆ. ನಾನು ಮುಂದಿನ ಸಾಲಿನಲ್ಲಿ ಕೂತೆ. ಹುರುಳಿ ಎಷ್ಟು, ಪರಂಗಿ ಎಷ್ಟು, ಉಪ್ಪು ಹಾಕಿದ ಕಥೆ, ಎಲ್ಲ ಹೇಳಿದರು. ಒಬ್ಬಾಕೆ ಎದ್ದು ಕೇಳಿದಳು: ‘ಅಕ್ಕ, ನಮ್ ಕಡೆ ಮೀನು ಸಿಕ್ತದೆ. ಮೀನಿಂದು ಹೊಡೀಬೋದಾ?’

ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

‘ತಿನ್ನೋರು ಹೊಡೀರವ್ವ. ಚೆನ್ನಾಗಿ ಕೆಲ್ಸ ಮಾಡ್ತದೆ, ನಾನೇ ಎರಡು ಸಲ ಹೊಡ್ದು ನೋಡಿವ್ನಿ’ ಎಂದರು ಸುಂದ್ರಮ್ಮ. ಸಭೆಯಲ್ಲಿ ಗುಸುಗುಸು ಎದ್ದಿತು. ಅವರು ಅದು ಅಡಗುವ ತನಕ ಕಾದರು. ‘ಗೊತ್ತಿಲ್ದೆ ಹೊಡ್ದೆ. ಅದ್ಕೇ ಯೋಳ್ತೀನಿ. ಯಾರೇ ಕ್ಯಾನ್ ತಂದ್ಕೊಡ್ಲಿ, ಒಳಗೇನದೆ ಅಂತ ಕೇಳಿ. ಈ ಮೇಡಮ್ಮೋರೇ ತಂದ್ರೂ ಕೇಳಿ.’

ಅರವತ್ತು ತಲೆಗಳು ನನ್ನತ್ತ ತಿರುಗಿದವು. ಎಂದಿನ ಕೋಪ ಮೂಗಿನ ತನಕ ಬಂತು. ಬಂದದ್ದು ಅಲ್ಲೇ ಇಳಿಯಿತು. ಸಸಿ ಉಳಿಸುವ ವಿದ್ಯೆ ನನ್ನದು, ಆದರೆ ಸಸಿ ಅವರದು, ಕೈ ಅವರದು, ಬೇಕು ಬೇಡ ಎನ್ನುವ ಮಾತೂ ಅವರದು. ಮೂವತ್ತು ವರ್ಷದ ನೌಕರಿ ನನಗೆ ಇಷ್ಟನ್ನು ಕಲಿಸಲು ಅಜ್ಜೀಪುರದ ತನಕ ಕಾಯಬೇಕಾಯಿತು.

ಎದ್ದು ನಿಂತು ಎಲ್ಲರ ಕಡೆ ತಿರುಗಿ, ‘ಹೌದು, ಕೇಳಿ’ ಎಂದೆ.